ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲದ ಸಂರಕ್ಷಣೆ ಎಷ್ಟರಮಟ್ಟಿಗೆ ಫಲಿಸಿದೆ: ಒಂದು ಪ್ರಕರಣ ಅಧ್ಯಯನ

ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆ ಹಾವಳಿಯ ಬಗ್ಗೆ ಸಭೆ ಸೇರಿದಾಗಲೆಲ್ಲ ಎಷ್ಟು ಆನೆ ಹಿಡಿದರು, ಎಷ್ಟು ಕಿಲೋಮೀಟರ್ ರೈಲು ಕಂಬಿಯ ಬೇಲಿ ಹಾಕಿದರು, ಎಷ್ಟು ಪರಿಹಾರ ಕೊಟ್ಟರು ಎಂಬ ಲೆಕ್ಕವೇ ಮೊದಲು ಬರುತ್ತದೆ. 2014ರಲ್ಲಿ ಆಲೂರಿನ ಸುತ್ತಮುತ್ತಲಿನಿಂದ 22 ಆನೆಗಳನ್ನು ಸೆರೆಹಿಡಿದು ಸಾಗಿಸಿದ್ದು ಅಂತಹ ಒಂದು ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ, ಆದರೆ ಕಾಫಿ ತೋಟಗಳಲ್ಲಿ ಆನೆಗೂ ಮನುಷ್ಯರಿಗೂ ನಡೆಯುತ್ತಿರುವ ಸಂಘರ್ಷ ಅದಾದ ಮೇಲೂ ನಿಂತಿಲ್ಲ. ಮಾಡಿದ ಕೆಲಸವನ್ನು ಎಣಿಸುವುದು ಬೇರೆ, ಆ ಕೆಲಸದಿಂದ ಪ್ರಾಣಿಗೆ ಏನಾಯಿತೆಂದು ಅಳೆಯುವುದು ಬೇರೆ. ಹಾಸನದಲ್ಲಿ ಪ್ರಾಣಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಈ ಎರಡನೆಯ ಅಳತೆಯನ್ನು ಕಲಿಸುವಾಗ ನಾನು ಬೇಕೆಂದೇ ದೂರದ ಪ್ರಾಣಿಯೊಂದನ್ನು ಎತ್ತಿಕೊಳ್ಳುತ್ತೇನೆ. ಆನೆಯ ಮಾತು ಬಂದರೆ ತರಗತಿಯಲ್ಲಿ ಯಾರದಾದರೂ ಮನೆಯ ದುಃಖ, ಯಾರದಾದರೂ ಗದ್ದೆಯ ನಷ್ಟ ಇದ್ದೇ ಇರುತ್ತದೆ, ಆಗ ಅಂಕಿಗಳನ್ನು ಸಮಚಿತ್ತದಿಂದ ನೋಡುವುದು ಕಷ್ಟ. ಅಮೆರಿಕ ಮತ್ತು ಕೆನಡಾದ ಪೂರ್ವ ತೀರದಲ್ಲಿ ಬದುಕುವ ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲ ಆ ಕಲಿಕೆಗೆ ತಕ್ಕ ಪ್ರಕರಣ. ಜಗತ್ತಿನಲ್ಲಿ ಇಷ್ಟು ಸೂಕ್ಷ್ಮವಾಗಿ, ಒಂದೊಂದು ಜೀವವನ್ನೂ ಗುರುತಿಸಿ ದಾಖಲಿಸಿದ ದೊಡ್ಡ ಕಾಡುಪ್ರಾಣಿಗಳು ಕೆಲವೇ. ಇಷ್ಟು ದಾಖಲೆಯಿದ್ದರೂ ಅದು ಇನ್ನೂ ಅಪಾಯದಿಂದ ಪಾರಾಗಿಲ್ಲ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡಬಹುದು. ಈ ತಿಮಿಂಗಿಲ ಸುಮಾರು 15 ಮೀಟರ್ ಉದ್ದ ಬೆಳೆಯುತ್ತದೆ. ನಿಧಾನವಾಗಿ ಈಜುತ್ತದೆ, ದಡದ ಹತ್ತಿರ ಬರುತ್ತದೆ, ಮೈತುಂಬ ಕೊಬ್ಬಿರುವುದರಿಂದ ಸತ್ತ ಮೇಲೂ ತೇಲುತ್ತದೆ. ಈ ಗುಣಗಳಿಂದಾಗಿಯೇ ಅದು ಶತಮಾನಗಳ ಕಾಲ ಬೇಟೆಗೆ ಬಲಿಯಾಯಿತು. 1935ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಬೇಟೆ ನಿಷೇಧವಾಯಿತು. ಚಳಿಗಾಲದಲ್ಲಿ ಫ್ಲಾರಿಡಾ ಮತ್ತು ಜಾರ್ಜಿಯಾ ತೀರದಲ್ಲಿ ಮರಿ ಹಾಕಿ, ವಸಂತ ಮತ್ತು ಬೇಸಿಗೆಯಲ್ಲಿ ಆಹಾರ ಹುಡುಕಿಕೊಂಡು ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಹಾಗೂ ಕೆನಡಾದ ಕಡೆಗೆ ಹೋಗುವುದು ಅದರ ರೂಢಿ. ಅದರ ಮುಖ್ಯ ಆಹಾರ ಅಕ್ಕಿಕಾಳಿನಷ್ಟೇ ಇರುವ ಕ್ಯಾಲನಸ್ ಫಿನ್‌ಮಾರ್ಕಿಕಸ್ ಎಂಬ ಸಣ್ಣ ಜೀವಿ. ಬೇಟೆ ನಿಂತ ಮೇಲೆ ಉಳಿದ ಶತ್ರುಗಳು ಎರಡೇ. ಒಂದು ಹಡಗು, ಇನ್ನೊಂದು ಸಮುದ್ರದ ತಳದಲ್ಲಿಟ್ಟ ಏಡಿ ಮತ್ತು ಲಾಬ್‌ಸ್ಟರ್ (ದೊಡ್ಡ ಸಿಗಡಿಯಂತಹ ಕಡಲಜೀವಿ) ಬೋನುಗಳಿಂದ ಮೇಲಿನ ತೇಲುಬುರುಡೆಯವರೆಗೆ ನಿಲ್ಲಿಸಿರುವ ಹಗ್ಗ.

ಎಣಿಕೆಯ ಬಗೆ

ಮೌಲ್ಯಮಾಪನಕ್ಕೆ ಕೂರುವ ಮೊದಲು ಎಣಿಕೆ ನಂಬಲರ್ಹವೇ ಎಂದು ಕೇಳಿಕೊಳ್ಳಬೇಕು. ರೈಟ್ ತಿಮಿಂಗಿಲದ ತಲೆಯ ಮೇಲೆ, ಕಣ್ಣಿನ ಮೇಲ್ಭಾಗದಲ್ಲಿ ಮತ್ತು ತುಟಿಯ ಅಂಚಿನಲ್ಲಿ ದಪ್ಪಗೆ ಒರಟಾದ ಚರ್ಮದ ಗಂಟುಗಳಿರುತ್ತವೆ. ಅವುಗಳ ಮೇಲೆ ಸಯಾಮಿಡ್ ಎಂಬ ಪುಟ್ಟ ಪರೋಪಜೀವಿಗಳು ಗುಂಪುಗುಂಪಾಗಿ ನೆಲೆಸುವುದರಿಂದ ಆ ಗಂಟುಗಳು ಕಪ್ಪು ಮೈಯ ಮೇಲೆ ಬಿಳಿಯಾಗಿ ಎದ್ದು ಕಾಣುತ್ತವೆ. ಒಂದರ ವಿನ್ಯಾಸ ಇನ್ನೊಂದಕ್ಕಿಲ್ಲ. ವಿಮಾನದಿಂದಲೂ ದೋಣಿಯಿಂದಲೂ ತೆಗೆದ ಚಿತ್ರಗಳನ್ನು ಹೋಲಿಸಿ, ಪ್ರತಿ ತಿಮಿಂಗಿಲಕ್ಕೂ ನಾಲ್ಕಂಕಿಯ ಸಂಖ್ಯೆ ಕೊಟ್ಟು, ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಅಕ್ವೇರಿಯಂನವರು ದಶಕಗಳಿಂದ ಒಂದು ಪಟ್ಟಿಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಇದು ನಮಗೆ ಹೊಸ ವಿಧಾನವಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿಗಳನ್ನು ಪಟ್ಟೆಗಳಿಂದ ಗುರುತಿಸಿ ಸಂಖ್ಯೆ ಅಂದಾಜಿಸಿದ್ದರ ಹಿಂದಿರುವ ತರ್ಕವೂ ಇದೇ, ನಮ್ಮ ಪಕ್ಕದ ಭದ್ರಾ ಅರಣ್ಯದ ಹುಲಿಗಳನ್ನು ಎಣಿಸುವುದೂ ಇದೇ ತರ್ಕದಿಂದ. ಒಮ್ಮೆ ಕಂಡ ಪ್ರಾಣಿ ಮತ್ತೆ ಎಷ್ಟು ಸಲ ಕಾಣುತ್ತದೆ ಎಂಬುದರಿಂದ, ಕಾಣದೆ ಉಳಿದವು ಎಷ್ಟಿರಬಹುದೆಂದು ಲೆಕ್ಕ ಹಾಕುತ್ತಾರೆ.

ಆದರೆ ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಅದನ್ನು ಓದುವ ರೀತಿ ತಪ್ಪಾದರೆ ಫಲವಿಲ್ಲ. ಬಹಳ ಕಾಲ, ಕಳೆದ 6 ವರ್ಷಗಳಲ್ಲಿ ಒಮ್ಮೆಯಾದರೂ ಕಂಡ ತಿಮಿಂಗಿಲವನ್ನು ಬದುಕಿದೆಯೆಂದೇ ಎಣಿಸುವ ಕ್ರಮವಿತ್ತು. ಇಂದು ಸತ್ತ ಪ್ರಾಣಿ ಹೀಗೆ ಇನ್ನೂ ಹಲವು ವರ್ಷ ಲೆಕ್ಕದಲ್ಲಿ ಬದುಕಿರುತ್ತಿತ್ತು, ಹುಟ್ಟಿದ ಮರಿಗಳು ಮಾತ್ರ ಕಾಣಿಸಿಕೊಳ್ಳುತ್ತ ಹೋದಂತೆ ಸೇರುತ್ತಿದ್ದವು. ಸಂಖ್ಯೆ ಏರುತ್ತಿದ್ದ ಕಾಲದಲ್ಲಿ ಇದರಿಂದ ದೊಡ್ಡ ತೊಂದರೆಯಾಗಲಿಲ್ಲ. ಇಳಿಯತೊಡಗಿದಾಗ ಮಾತ್ರ ಈ ಕ್ರಮ ಇಳಿತವನ್ನೇ ಮುಚ್ಚಿಟ್ಟಿತು. 2017ರಲ್ಲಿ ಪ್ರಕಟವಾದ ಹೊಸ ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆ ಅದೇ ಚಿತ್ರಗಳನ್ನು ಬೇರೆ ರೀತಿಯಲ್ಲಿ ಓದಿ, 1990ರಲ್ಲಿ ಸುಮಾರು 270 ಇದ್ದ ತಿಮಿಂಗಿಲಗಳು 2010ಕ್ಕೆ 483 ಆಗಿ, ಅಲ್ಲಿಂದ ಇಳಿದು 2015ಕ್ಕೆ 458 ಆಗಿವೆಯೆಂದು ತೋರಿಸಿತು. ಅಂದರೆ ಇಳಿತ ಶುರುವಾಗಿ ಆರೇಳು ವರ್ಷ ಕಳೆದ ಮೇಲೆ ಅದು ಖಚಿತವಾಯಿತು. ಗಂಡುಗಳಿಗಿಂತ ಹೆಣ್ಣುಗಳು ಹೆಚ್ಚಾಗಿ ಸಾಯುತ್ತಿವೆ ಎಂಬುದೂ ಅದೇ ವಿಶ್ಲೇಷಣೆಯಲ್ಲಿ ಹೊರಬಿತ್ತು. ಒಟ್ಟು ಸಂಖ್ಯೆಯನ್ನಷ್ಟೇ ನೋಡುತ್ತಿದ್ದವರಿಗೆ ಇದು ಕಾಣುವಂತಿರಲಿಲ್ಲ. ಈ ಇಡೀ ಪ್ರಕರಣದಲ್ಲಿ ನನ್ನನ್ನು ಅತ್ಯಂತ ಕಾಡಿದ ಭಾಗ ಇದೇ, ಏಕೆಂದರೆ ಇಲ್ಲಿ ದತ್ತಾಂಶದ ಕೊರತೆಯಿರಲಿಲ್ಲ, ಹಣದ ಕೊರತೆಯೂ ಮುಖ್ಯ ಕಾರಣವಾಗಿರಲಿಲ್ಲ. ಎಣಿಕೆಯ ರೂಢಿಯೊಂದು ಎಚ್ಚರಿಕೆಯನ್ನು ತಡಮಾಡಿತು.

ಸಾವಿನ ಎಣಿಕೆಯಲ್ಲೂ ಇಂತಹದೇ ಕುರುಡು ಜಾಗವಿದೆ. ದಡಕ್ಕೆ ಬಂದ ಅಥವಾ ಸಮುದ್ರದಲ್ಲಿ ತೇಲುತ್ತ ಸಿಕ್ಕ ಕಳೇಬರಗಳಷ್ಟೇ ಸಾವುಗಳೆಂದು ದಾಖಲಾಗುತ್ತವೆ. 1990ರಿಂದ 2017ರವರೆಗಿನ ಅವಧಿಯಲ್ಲಿ ಸತ್ತವುಗಳ ಪೈಕಿ ಹೀಗೆ ಕಣ್ಣಿಗೆ ಬಿದ್ದವು ಸುಮಾರು ಶೇ 36 ಮಾತ್ರ ಎಂದು 2021ರ ಅಧ್ಯಯನವೊಂದು ಅಂದಾಜಿಸಿದೆ. ಆದ್ದರಿಂದ ‘ಈ ವರ್ಷ ಒಂದೂ ಸಾವು ವರದಿಯಾಗಿಲ್ಲ’ ಎಂಬ ವಾಕ್ಯವನ್ನು ಓದುವಾಗ ‘ವರದಿಯಾಗಿಲ್ಲ’ ಎಂಬುದರ ಮೇಲೆ ಕಣ್ಣಿಡಬೇಕು.

ಹಡಗಿನ ವೇಗ: ಗೆದ್ದ ನಿಯಮದ ಮಿತಿ

ಹಡಗುಗಳ ವಿಷಯದಲ್ಲಿ ಕೈಗೊಂಡ ಕ್ರಮಗಳು ಈ ಪ್ರಕರಣದ ಅತ್ಯುತ್ತಮ ಭಾಗ. 2003ರಲ್ಲಿ ಕೆನಡಾದ ಫಂಡಿ ಕೊಲ್ಲಿಯಲ್ಲಿ, ತಿಮಿಂಗಿಲಗಳು ಸೇರುವ ಜಾಗದಿಂದ ಹಡಗು ಮಾರ್ಗವನ್ನೇ ಸರಿಸಲಾಯಿತು. ಅಳಿವಿನಂಚಿನ ತಿಮಿಂಗಿಲಕ್ಕಾಗಿ ಅಂತರರಾಷ್ಟ್ರೀಯ ಹಡಗು ಮಾರ್ಗ ಬದಲಾದದ್ದು ಅದೇ ಮೊದಲು. 2007ರಲ್ಲಿ ಬಾಸ್ಟನ್ ಬಂದರಿನ ಮಾರ್ಗವೂ ಬದಲಾಯಿತು. 2008ರ ಡಿಸೆಂಬರಿನಲ್ಲಿ ಅಮೆರಿಕವು ತೀರದುದ್ದಕ್ಕೂ ಗೊತ್ತುಪಡಿಸಿದ ವಲಯಗಳಲ್ಲಿ, ಗೊತ್ತುಪಡಿಸಿದ ತಿಂಗಳುಗಳಲ್ಲಿ, 65 ಅಡಿ ಮತ್ತು ಅದಕ್ಕಿಂತ ಉದ್ದದ ನೌಕೆಗಳು 10 ನಾಟ್ ವೇಗವನ್ನು, ಅಂದರೆ ಗಂಟೆಗೆ ಸುಮಾರು 18.5 ಕಿಲೋಮೀಟರನ್ನು, ಮೀರಬಾರದೆಂಬ ನಿಯಮ ತಂದಿತು. ಈ 10 ನಾಟ್ ಎಂಬ ಮಿತಿಗೆ ಆಧಾರವಿತ್ತು. 15 ನಾಟ್ ವೇಗದಲ್ಲಿ ಬಡಿದರೆ ತಿಮಿಂಗಿಲ ಸಾಯುವ ಸಂಭವ ಸುಮಾರು ಶೇ 80 ಇದ್ದು, 8.6 ನಾಟ್‌ಗೆ ಇಳಿಸಿದರೆ ಅದು ಶೇ 20ರ ಆಸುಪಾಸಿಗೆ ಬರುತ್ತದೆಂದು 2007ರ ಅಧ್ಯಯನವೊಂದು ತೋರಿಸಿತ್ತು.

ಫಲ ಸಿಕ್ಕಿತು. ನಿಯಮ ಬಂದ ಮೊದಲ 5 ವರ್ಷಗಳಲ್ಲಿ ಆ ವಲಯಗಳ ಒಳಗಾಗಲಿ ಸಮೀಪದಲ್ಲಾಗಲಿ ಹಡಗು ಬಡಿದು ಸತ್ತ ಒಂದೂ ರೈಟ್ ತಿಮಿಂಗಿಲ ಸಿಗಲಿಲ್ಲ. ನಿಯಮ ಪಾಲನೆಯೂ ಸುಧಾರಿಸುತ್ತ ಹೋಗಿ 2018–19ರ ಹೊತ್ತಿಗೆ ಶೇ 81ಕ್ಕೆ ತಲುಪಿತು. ಇಲ್ಲಿಗೇ ನಿಲ್ಲಿಸಿದರೆ ಇದನ್ನು ಪೂರ್ಣ ಯಶಸ್ಸೆಂದು ಬರೆಯಬಹುದಿತ್ತು, ಎಷ್ಟೋ ವರದಿಗಳು ಇಲ್ಲಿಗೇ ನಿಲ್ಲುತ್ತವೆ ಕೂಡ. ಆದರೆ ವಲಯದೊಳಗಿನ ಸಾವು ತಗ್ಗಿದ್ದರಿಂದ ತಿಮಿಂಗಿಲಗಳ ಸಾವು ತಗ್ಗಿತೆಂದು ಆಗುವುದಿಲ್ಲ. ಇದೇ ಅವಧಿಯಲ್ಲಿ ಒಟ್ಟು ಸಂಖ್ಯೆ ಇಳಿಯುತ್ತಿತ್ತು.

ಕಾರಣ ನೀರಿನಲ್ಲಿತ್ತು. 2010ರ ನಂತರ, ಫಂಡಿ ಕೊಲ್ಲಿ ತೆರೆದುಕೊಳ್ಳುವ ಮೇನ್ ಕೊಲ್ಲಿಯ ಆಳದ ನೀರು ಬಿಸಿಯಾಗಿ, ಕ್ಯಾಲನಸ್ ಅಲ್ಲಿ ಕಡಿಮೆಯಾಯಿತು. ದಶಕಗಳಿಂದ ಫಂಡಿ ಕೊಲ್ಲಿಗೆ ತಪ್ಪದೆ ಬರುತ್ತಿದ್ದ ತಿಮಿಂಗಿಲಗಳು ಅಲ್ಲಿ ವಿರಳವಾದವು. ಯಾವ ಜಾಗಕ್ಕಾಗಿ ಹಡಗು ಮಾರ್ಗವನ್ನು ಅಷ್ಟು ಶ್ರಮಪಟ್ಟು ಸರಿಸಲಾಗಿತ್ತೋ ಆ ಜಾಗ ಬಹುಪಾಲು ಬರಿದಾಯಿತು. 2015ರಿಂದ ಅವು ಹೆಚ್ಚಿನ ಸಂಖ್ಯೆಯಲ್ಲಿ ಕಂಡದ್ದು ಇನ್ನೂ ಉತ್ತರದ ಸೇಂಟ್ ಲಾರೆನ್ಸ್ ಕೊಲ್ಲಿಯಲ್ಲಿ. ಅಲ್ಲಿ ದೊಡ್ಡ ಹಡಗುಗಳ ಸಂಚಾರವಿತ್ತು, ಹಿಮ ಏಡಿಯ ಭಾರಿ ಮೀನುಗಾರಿಕೆಯಿತ್ತು, ಈ ತಿಮಿಂಗಿಲಕ್ಕಾಗಿ ಮಾಡಿದ ನಿಯಮ ಮಾತ್ರ ಒಂದೂ ಇರಲಿಲ್ಲ. 2017ರಲ್ಲಿ ಒಂದೇ ವರ್ಷ 17 ತಿಮಿಂಗಿಲಗಳು ಸತ್ತವು, ಅವುಗಳಲ್ಲಿ 12 ಕೆನಡಾದ ನೀರಿನಲ್ಲಿ. ಮರುವರ್ಷದ ಮರಿ ಹಾಕುವ ಋತುವಿನಲ್ಲಿ ಒಂದೇ ಒಂದು ಮರಿಯೂ ಕಾಣಲಿಲ್ಲ.

ಈ ಭಾಗಕ್ಕೆ ಬಂದಾಗ ವಿದ್ಯಾರ್ಥಿಗಳು ತಾವಾಗಿಯೇ ಆನೆಯ ಕಡೆಗೆ ತಿರುಗುತ್ತಾರೆ, ನಾನು ತಡೆಯುವುದಿಲ್ಲ. ಹಾಸನದ ಆನೆಗಳು ಬದುಕುತ್ತಿರುವುದು ನಕ್ಷೆಯಲ್ಲಿ ಹಸಿರು ಬಳಿದ ಅಭಯಾರಣ್ಯದಲ್ಲಲ್ಲ. ಕಾಫಿ ತೋಟ, ಗದ್ದೆ, ಚೂರುಚೂರಾದ ಕಾಡು, ಹೇಮಾವತಿ ಹಿನ್ನೀರಿನ ಅಂಚು, ಇವುಗಳ ನಡುವೆ ಅವು ಓಡಾಡುತ್ತವೆ. ಗೆರೆ ಎಳೆದು ಕಾಯುವ ನಿಯಮ ಪ್ರಾಣಿ ಗೆರೆಯೊಳಗಿರುವವರೆಗೆ ಮಾತ್ರ ಕೆಲಸ ಮಾಡುತ್ತದೆ ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಾಗುವುದಿಲ್ಲ.

ಹಗ್ಗ: ಸೋತ ಭಾಗ

ಹಗ್ಗದ ವಿಷಯದಲ್ಲಿ ಅಂಕಿಗಿಂತ ಮೊದಲು ಒಂದು ಜೀವದ ದಾಖಲೆಯನ್ನು ನೋಡುವುದು ಒಳ್ಳೆಯದು. ಪಟ್ಟಿಯಲ್ಲಿ 3560ನೇ ಸಂಖ್ಯೆಯ ಹೆಣ್ಣಿಗೆ ಸಂಶೋಧಕರು ಸ್ನೋ ಕೋನ್ ಎಂದು ಹೆಸರಿಟ್ಟಿದ್ದರು. 2020ರ ಜೂನ್‌ನಲ್ಲಿ ಅದರ ಮೊದಲ ಮರಿ ನ್ಯೂ ಜೆರ್ಸಿ ತೀರದಲ್ಲಿ ನೌಕೆ ಬಡಿದು ಸತ್ತಿತು. 2021ರ ಮಾರ್ಚ್‌ನಲ್ಲಿ ತಾಯಿಯೇ ಹಗ್ಗಕ್ಕೆ ಸಿಕ್ಕಿಕೊಂಡು ಕಂಡಿತು. ರಕ್ಷಣಾ ತಂಡದವರು ಹಗ್ಗದ ಒಂದಷ್ಟು ಭಾಗವನ್ನು ಕತ್ತರಿಸಿದರು, ಪೂರ್ತಿ ಬಿಡಿಸಲಾಗಲಿಲ್ಲ. ಉಳಿದ ಹಗ್ಗವನ್ನು ಎಳೆದುಕೊಂಡೇ ಅದು ಕೆನಡಾದವರೆಗೆ ಹೋಯಿತು, ಮರಳಿ ದಕ್ಷಿಣಕ್ಕೆ ಬಂದು ಆ ಡಿಸೆಂಬರಿನಲ್ಲಿ ಜಾರ್ಜಿಯಾ ತೀರದಲ್ಲಿ ಎರಡನೆಯ ಮರಿಗೆ ಜನ್ಮ ಕೊಟ್ಟಿತು. 2022ರ ಸೆಪ್ಟೆಂಬರಿನಲ್ಲಿ ನ್ಯಾಂಟಕೆಟ್ ದ್ವೀಪದ ದಕ್ಷಿಣಕ್ಕೆ ಕೊನೆಯ ಸಲ ಕಂಡಾಗ ಅದರ ಜೊತೆ ಮರಿಯಿರಲಿಲ್ಲ. ಮೈ ಬಡಕಲಾಗಿತ್ತು, ಚರ್ಮದ ತುಂಬ ಪರೋಪಜೀವಿಗಳು ಹಬ್ಬಿದ್ದವು, ಹಳೆಯ ಹಗ್ಗದ ಜೊತೆಗೆ ಹೊಸದೂ ಸುತ್ತಿಕೊಂಡಿತ್ತು. ಈ ದಾಖಲೆಯನ್ನು ತರಗತಿಯಲ್ಲಿ ಓದುವಾಗ ನನ್ನ ದನಿ ಇಂದಿಗೂ ಸ್ಥಿರವಾಗಿ ಉಳಿಯುವುದಿಲ್ಲ. ಕಳೇಬರ ಸಿಗುವವರೆಗೆ ಇಂತಹ ಪ್ರಾಣಿ ಸಾವಿನ ಪಟ್ಟಿಗೆ ಸೇರುವುದಿಲ್ಲ ಎಂಬುದನ್ನೂ ಇಲ್ಲಿಯೇ ನೆನೆಯಬೇಕು.

ಇದು ಅಪರೂಪದ ಕಥೆಯೂ ಅಲ್ಲ. ಗಾಯದ ಗುರುತುಗಳನ್ನು ಮೂರು ದಶಕಗಳ ಚಿತ್ರಗಳಲ್ಲಿ ಪರಿಶೀಲಿಸಿದ 2012ರ ಅಧ್ಯಯನದ ಪ್ರಕಾರ ಶೇ 83ರಷ್ಟು ತಿಮಿಂಗಿಲಗಳು ಜೀವನದಲ್ಲಿ ಒಮ್ಮೆಯಾದರೂ, ಶೇ 59ರಷ್ಟು ಒಂದಕ್ಕಿಂತ ಹೆಚ್ಚು ಸಲ ಹಗ್ಗಕ್ಕೆ ಸಿಕ್ಕಿವೆ. ಸಾಯದೆ ಬದುಕಿದವೂ ಬೆಲೆ ತೆರುತ್ತವೆ. ಹಗ್ಗ ಎಳೆಯುತ್ತ ಈಜಲು ಕರಗಿದ ಕೊಬ್ಬು, ಮರಿಗೆ ಹಾಲೂಡಲು ಬೇಕಾಗಿದ್ದ ಕೊಬ್ಬು. ಹಿಂದೆ ಮೂರು ವರ್ಷಕ್ಕೊಮ್ಮೆ ಮರಿ ಹಾಕುತ್ತಿದ್ದ ಹೆಣ್ಣುಗಳ ಅಂತರ ಈಗ ಬಹಳಷ್ಟು ಹೆಚ್ಚಿದೆ. ಇತ್ತೀಚೆಗೆ ಹುಟ್ಟಿದ ತಿಮಿಂಗಿಲಗಳು 1980ರ ದಶಕದ ಆರಂಭದಲ್ಲಿ ಹುಟ್ಟಿದವುಗಳಿಗಿಂತ ಸುಮಾರು ಒಂದು ಮೀಟರ್ ಗಿಡ್ಡವಾಗಿ ಬೆಳೆಯುತ್ತಿವೆಯೆಂದು 2021ರಲ್ಲಿ ಗೊತ್ತಾಯಿತು. ಅದಕ್ಕೆ ಹಗ್ಗ ಒಂದು ಕಾರಣ, ಆದರೆ ಅದೊಂದೇ ಎಲ್ಲವನ್ನೂ ವಿವರಿಸುವುದಿಲ್ಲ.

‘ಇಷ್ಟು ಚಿಕ್ಕ ಸಂಖ್ಯೆಯ ಪ್ರಾಣಿ ನಿಧಾನವಾಗಿಯೇ ಬೆಳೆಯುತ್ತದೆ, ಏರಿದ ಕಾಲದಲ್ಲಿ ಸಂರಕ್ಷಣೆ ಫಲಿಸಿತೆಂದೇ ಹೇಳಬೇಕಲ್ಲವೇ’ ಎಂಬ ಆಕ್ಷೇಪಣೆ ನ್ಯಾಯವಾದದ್ದು. ಇದಕ್ಕೆ ಉತ್ತರ ಹೋಲಿಕೆಯಿಂದ ಮಾತ್ರ ಸಿಗುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಇದರ ಹತ್ತಿರದ ಸಂಬಂಧಿಯಾದ ದಕ್ಷಿಣದ ರೈಟ್ ತಿಮಿಂಗಿಲವಿದೆ. ಅದನ್ನೂ ಬೇಟೆಯಾಡಿ ಮುಗಿಸಲಾಗಿತ್ತು, ಆದರೆ ಅದರ ದಾರಿಯಲ್ಲಿ ಹಡಗೂ ಹಗ್ಗವೂ ಇಷ್ಟು ದಟ್ಟವಾಗಿಲ್ಲ. 2018ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ದಕ್ಷಿಣದ ಗುಂಪುಗಳು ವರ್ಷಕ್ಕೆ ಶೇ 5ರಿಂದ 7ರಷ್ಟು ಬೆಳೆದಿದ್ದರೆ, ಉತ್ತರದ್ದು ಅದರ ಒಳ್ಳೆಯ ಕಾಲದಲ್ಲೂ ಸುಮಾರು ಶೇ 2ರಷ್ಟೇ ಬೆಳೆದಿತ್ತು. ಅಂದರೆ 1990ರಿಂದ 2010ರವರೆಗಿನ ಏರಿಕೆಯನ್ನು ಸಾಧನೆಯೆಂದು ಕೊಂಡಾಡುತ್ತಿದ್ದ ಹೊತ್ತಿನಲ್ಲೂ ಈ ತಿಮಿಂಗಿಲ ತನ್ನ ಶಕ್ತಿಯ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಚೇತರಿಸಿಕೊಳ್ಳುತ್ತಿತ್ತು.

ಪ್ರಾಣಿಯ ಹಿಂದೆ ನಡೆಯುವ ನಿಯಮ

2017ರ ಆಘಾತದ ನಂತರ ಕೆನಡಾ ಹಿಡಿದ ದಾರಿ ಬೇರೆ. ವಿಮಾನದಿಂದ ತಿಮಿಂಗಿಲ ಕಂಡ ಕಡೆ, ಮುಂದೆ ನೀರಿನೊಳಗಿನ ಧ್ವನಿಗ್ರಾಹಕಗಳಲ್ಲಿ ಅದರ ಕೂಗು ಕೇಳಿದ ಕಡೆಯೂ, ಆ ಭಾಗದ ಮೀನುಗಾರಿಕೆಯನ್ನು 15 ದಿನ ಮುಚ್ಚುವ ಕ್ರಮ ಬಂತು. ಹಡಗುಗಳಿಗೂ ವೇಗದ ಮಿತಿ ಹಾಕಿದರು. 2018ರಲ್ಲಿ ಕೆನಡಾದ ನೀರಿನಲ್ಲಿ ಸಾವು ಕಾಣಲಿಲ್ಲ. 2019ರಲ್ಲಿ ಮಾತ್ರ ಮತ್ತೆ 9 ಕಳೇಬರಗಳು ಸಿಕ್ಕವು. ಅವುಗಳಲ್ಲಿ ಒಂದು 1281ನೇ ಸಂಖ್ಯೆಯ ಹೆಣ್ಣು, 8 ಮರಿಗಳನ್ನು ಹೆತ್ತದ್ದು, ಹಡಗು ಬಡಿದು ಸತ್ತಿತ್ತು. ನಿಯಮಗಳನ್ನು ಕೂಡಲೇ ಬಿಗಿ ಮಾಡಿದರು, ವಲಯಗಳನ್ನು ಹಿಗ್ಗಿಸಿದರು. 2020ರಿಂದ 2023ರವರೆಗೆ ಅಲ್ಲಿ ಕಳೇಬರ ಕಾಣಲಿಲ್ಲ. ಸತ್ತವುಗಳಲ್ಲಿ ಕಣ್ಣಿಗೆ ಬೀಳುವುದು ಶೇ 36ರಷ್ಟೇ ಎಂಬುದನ್ನು ಮರೆಯದೆ ಹೇಳುವುದಾದರೂ, ಒಂದು ವರ್ಷದ ಸೋಲನ್ನು ಮರುವರ್ಷದ ನಿಯಮಕ್ಕೆ ಇಳಿಸಿದ ಈ ಚುರುಕನ್ನು ನಾನು ಇಡೀ ಪ್ರಕರಣದಲ್ಲಿ ಅತ್ಯಂತ ಗೌರವದಿಂದ ನೋಡುತ್ತೇನೆ.

ನಮ್ಮಲ್ಲಿ ಆನೆಗಳಿಗೆ ರೇಡಿಯೊ ಕಾಲರ್ ತೊಡಿಸಿ, ಅವು ಇಂದು ಯಾವ ತೋಟದ ಬಳಿ ಇವೆಯೆಂದು ಮೊಬೈಲ್ ಸಂದೇಶ ಮತ್ತು ಫಲಕಗಳ ಮೂಲಕ ತಿಳಿಸುವ ವ್ಯವಸ್ಥೆಯೂ ಇದೇ ಜಾತಿಯದು. ಇದರ ಚರ್ಚೆಯಲ್ಲಿ ಆಲೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ಎತ್ತಿದ ಪ್ರಶ್ನೆ ನೇರವಾಗಿತ್ತು: ‘ಆನೆ ಇದೆ ಅಂತ ಮೆಸೇಜ್ ಬರುತ್ತೆ ಸರ್. ಅವತ್ತು ತೋಟಕ್ಕೆ ಹೋಗದೆ ಇದ್ದರೆ ನಮ್ಮಮ್ಮನ ಕೂಲಿ ಯಾರು ಕೊಡ್ತಾರೆ?’

ಅಟ್ಲಾಂಟಿಕ್ಕಿನ ಎರಡೂ ದೇಶಗಳಲ್ಲಿ ಬಹುಪಾಲು ಜಗಳ ಇದೇ ಪ್ರಶ್ನೆಯ ಸುತ್ತ ನಡೆದಿದೆ. ಮ್ಯಾಸಚೂಸೆಟ್ಸ್‌ನಲ್ಲಿ 2015ರಿಂದ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕೇಪ್ ಕಾಡ್ ಕೊಲ್ಲಿಯಲ್ಲಿ ಬೋನು ಇಡುವಂತಿಲ್ಲ. ಹಗ್ಗ ನಿಲ್ಲಿಸದೆ, ಬೇಕಾದಾಗ ಸಂಕೇತ ಕೊಟ್ಟು ಬೋನನ್ನು ಮೇಲೆ ತರಿಸಿಕೊಳ್ಳುವ ಸಾಧನಗಳು ಬಂದಿವೆ, ಆದರೆ ಸಣ್ಣ ದೋಣಿಯವನ ಜೇಬಿಗೆ ಅವು ದುಬಾರಿ. ಸುಮಾರು 770 ಕಿಲೋ ಎಳೆತಕ್ಕೆ ತುಂಡಾಗುವ ದುರ್ಬಲ ಹಗ್ಗ ಬಳಸಿದರೆ ದೊಡ್ಡ ತಿಮಿಂಗಿಲಗಳ ಜೀವಕ್ಕೆ ಕುತ್ತಾಗುವ ಸಿಲುಕುಗಳು ಬಹಳಷ್ಟು ತಗ್ಗುತ್ತವೆಂದು ಲೆಕ್ಕ ಹಾಕಿದ ಮೇಲೆ ಅದೂ ನಿಯಮದೊಳಗೆ ಬಂತು. ಇನ್ನೊಂದೆಡೆ, ತಮ್ಮ ಹಗ್ಗದಿಂದ ತಿಮಿಂಗಿಲ ಸತ್ತದ್ದಕ್ಕೆ ಪುರಾವೆಯಿಲ್ಲವೆಂದು ಮೇನ್ ರಾಜ್ಯದ ಲಾಬ್‌ಸ್ಟರ್ ಮೀನುಗಾರರು ವಾದಿಸುತ್ತ ಬಂದಿದ್ದರು. ಹಿಂದೆ ಸಿಕ್ಕ ಹಗ್ಗಗಳಲ್ಲಿ ಬಹುಪಾಲಿನ ಮೂಲ ತಿಳಿಯುವಂತಿರಲಿಲ್ಲವಾದ್ದರಿಂದ ಆ ವಾದವನ್ನು ತಳ್ಳಿಹಾಕುವುದೂ ಸುಲಭವಾಗಿರಲಿಲ್ಲ. 2024ರ ಜನವರಿಯಲ್ಲಿ ಮಾರ್ತಾಸ್ ವಿನ್‌ಯಾರ್ಡ್ ದ್ವೀಪದ ದಡಕ್ಕೆ ಬಂದ 3 ವರ್ಷದ ಹೆಣ್ಣು ತಿಮಿಂಗಿಲದ ಬಾಲದ ಬುಡದಲ್ಲಿ ಹುದುಗಿದ್ದ ಹಗ್ಗದಲ್ಲಿ ಮೇನ್ ರಾಜ್ಯಕ್ಕೆ ಗೊತ್ತುಪಡಿಸಿದ ನೇರಳೆ ಗುರುತು ಸಿಕ್ಕಿತು. ಹಗ್ಗಕ್ಕೆ ಬಣ್ಣದ ಗುರುತು ಹಾಕುವ ನಿಯಮ ಒಂದು ತಿಮಿಂಗಿಲವನ್ನೂ ನೇರವಾಗಿ ಉಳಿಸುವುದಿಲ್ಲ. ಆದರೆ ಯಾವ ಕ್ರಮವನ್ನು ಎಲ್ಲಿ ಬಿಗಿ ಮಾಡಬೇಕೆಂದು ತಿಳಿಯಲು ಅದಿಲ್ಲದೆ ದಾರಿಯಿಲ್ಲ.

ನನ್ನ ತೀರ್ಪು

2020ರ ಹೊತ್ತಿಗೆ 360ರ ಆಸುಪಾಸಿಗೆ ಕುಸಿದಿದ್ದ ಸಂಖ್ಯೆ ಅಲ್ಲಿಂದ ನಿಧಾನವಾಗಿ ಏರಿ, 2024ಕ್ಕೆ ಸುಮಾರು 384 ಎಂದು ಅಂದಾಜಾಗಿದೆ. ಈ ಏರಿಕೆಯನ್ನು ಸಂತೋಷದಿಂದ ಸ್ವೀಕರಿಸುತ್ತೇನೆ, ಸಂರಕ್ಷಣೆ ಫಲಿಸಿತೆಂದು ಬರೆಯಲು ಮಾತ್ರ ಅದು ಸಾಲದು. ಅಂದಾಜಿನಲ್ಲಿ ಸುಮಾರು ಹತ್ತು ತಿಮಿಂಗಿಲಗಳಷ್ಟು ಹೆಚ್ಚುಕಡಿಮೆಯಾಗಬಹುದು, ಪ್ರತಿ ವರ್ಷ ಹಿಂದಿನ ವರ್ಷಗಳ ಸಂಖ್ಯೆಯನ್ನೂ ಮರುಲೆಕ್ಕ ಮಾಡುತ್ತಾರೆ, 2017ರಿಂದ ಖಚಿತವಾದ ಸಾವುಗಳೇ 40ಕ್ಕೂ ಹೆಚ್ಚು. 2023–24ರಲ್ಲಿ ಹುಟ್ಟಿದ ಮರಿಗಳು 20, ಮರುವರ್ಷ 11. ಚೇತರಿಕೆ ಗಟ್ಟಿಯಾಗಲು ವರ್ಷಕ್ಕೆ 50 ಮರಿಗಳಾದರೂ ಬೇಕೆಂದು ಅಮೆರಿಕದ ಸಾಗರ ಸಂಸ್ಥೆಯೇ ಹೇಳಿದೆ.

ಹಡಗು ಮಾರ್ಗ ಸರಿಸಿದ್ದು ಮತ್ತು ವೇಗದ ಮಿತಿ ತಮ್ಮ ಗಡಿಯೊಳಗೆ ಫಲಿಸಿವೆ. ಅವುಗಳ ಸೋಲು ಗಡಿಯನ್ನು ಸರಿಸದೆ ಕುಳಿತದ್ದರಲ್ಲಿದೆ. ಸಣ್ಣ ನೌಕೆಗಳೂ ಕೊಲ್ಲುತ್ತವೆಂದು ಗೊತ್ತಾದ ಮೇಲೆ 35ರಿಂದ 65 ಅಡಿಯ ನೌಕೆಗಳನ್ನು ನಿಯಮದೊಳಗೆ ತರಲು 2022ರಲ್ಲಿ ಅಮೆರಿಕ ಮುಂದಿಟ್ಟ ಪ್ರಸ್ತಾವ 2025ರ ಜನವರಿಯಲ್ಲಿ ಹಿಂತೆಗೆಯಲ್ಪಟ್ಟಿತು. ಕೆನಡಾದ ಚಲಿಸುವ ನಿಯಮಗಳು ಇಲ್ಲಿಯವರೆಗಿನ ಅತ್ಯುತ್ತಮ ಪ್ರಯತ್ನ. ಹಗ್ಗದ ವಿಷಯದಲ್ಲಿ ದಶಕಗಳ ಪ್ರಯತ್ನವನ್ನು ವಿಫಲವೆಂದೇ ಬರೆಯಬೇಕಾಗಿದೆ. ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಸಂಸತ್ತು ಲಾಬ್‌ಸ್ಟರ್ ಮೀನುಗಾರಿಕೆಯ ಮೇಲಿನ ಹೊಸ ನಿರ್ಬಂಧಗಳನ್ನು 2028ರ ಕೊನೆಯವರೆಗೆ ಮುಂದೂಡಿದೆ. ಮೀನುಗಾರರ ಬದುಕಿನ ಪ್ರಶ್ನೆ ನಿಜ. ಹಾಗಿದ್ದರೆ ಆ ಆರು ವರ್ಷಗಳಲ್ಲಿ ಹಗ್ಗವಿಲ್ಲದ ಬೋನಿನ ಖರ್ಚನ್ನು ಸರ್ಕಾರ ಹೊತ್ತು ಎಲ್ಲ ದೋಣಿಗಳಿಗೂ ತಲುಪಿಸಬೇಕು. ಬರಿಯ ಗಡುವು ಕೊಟ್ಟು ಕೂರುವುದನ್ನು ಸಮತೋಲನವೆಂದು ನಾನು ಒಪ್ಪಲಾರೆ.

ಮುಂದಿನ ಮೌಲ್ಯಮಾಪನದಲ್ಲಿ ನಾನು ಮೊದಲು ನೋಡುವುದು ಒಟ್ಟು ಸಂಖ್ಯೆಯನ್ನಲ್ಲ. ಮರಿ ಹಾಕಬಲ್ಲ ಹೆಣ್ಣುಗಳು ಈಗ 70ರ ಆಸುಪಾಸಿನಲ್ಲಿವೆ. ಅವುಗಳಲ್ಲಿ ಎಷ್ಟು ಉಳಿದವು, ಒಂದು ಮರಿಗೂ ಮುಂದಿನ ಮರಿಗೂ ನಡುವಿನ ಅಂತರ ಎಷ್ಟು ಕಡಿಮೆಯಾಯಿತು, ಹೊಸದಾಗಿ ಹಗ್ಗದ ಗಾಯವಾದವು ಎಷ್ಟು ಎಂಬ ಮೂರು ಅಂಕಿಗಳು 2028ಕ್ಕೂ ಮೊದಲೇ ಸುಧಾರಿಸಿದ್ದರೆ, ಹಗ್ಗದ ಬಗ್ಗೆ ಇಲ್ಲಿ ಬರೆದ ‘ವಿಫಲ’ ಎಂಬ ಮಾತನ್ನು ತೆಗೆದುಹಾಕಲು ನಾನು ಸಿದ್ಧನಿದ್ದೇನೆ.